ಗುಮಾಸ್ತರ ಕೈಗೆ ಗಿಟಾರಿನ ದಂಡಿ

ಅಳತೆ ಎಲ್ಲ ಟೇಪಿನಲ್ಲೇ ಇರುತ್ತದೆ ಅಂತ ನಂಬಿದವರು ನನ್ನ ಅಂಗಡಿಯಲ್ಲಿ ಒಂದು ವಾರ ಕೂರಬೇಕು. ಮೈಸೂರಿನಲ್ಲಿ ವೀಣೆ ಮಾಡಿಕೊಂಡು ಸುಖವಾಗಿದ್ದವನು ನಾನು. ಅರವತ್ತರ ದಶಕದಲ್ಲಿ ಮದುವೆ ರಿಸೆಪ್ಷನ್ನುಗಳಿಗೆ ಆರ್ಕೆಸ್ಟ್ರಾ ಬಂತು, ಅದರ ಜೊತೆ ಎಲೆಕ್ಟ್ರಿಕ್ ಗಿಟಾರೂ ಬಂತು. ಎಡಗೈಯಲ್ಲಿ ಹಿಡಿಯುವ ಅದರ ಉದ್ದನೆಯ ದಂಡಿ ಒಬ್ಬರ ಕೈಗೆ ಕೂತರೆ ಇನ್ನೊಬ್ಬರ ಕೈಗೆ ಕೂರದು. ಅದನ್ನು ಕೈಗೆ ಕೂರಿಸಿಕೊಳ್ಳಲು ನುಡಿಸುವವರೆಲ್ಲ ನನ್ನ ಹತ್ತಿರವೇ ಬರತೊಡಗಿದರು.

೧

ಮೊದಲು ಬಂದವರು ಗರಡಿಮನೆಯ ಪೈಲ್ವಾನರು. "ದಂಡಿ ತೀರಾ ಸಣ್ಣ ಕಣ್ರೀ, ಕೈಯಲ್ಲಿ ಇರೋದೇ ಗೊತ್ತಾಗಲ್ಲ" ಅಂದರು.

"ಯಾವ ಗಾತ್ರ ಬೇಕು?" ಅಂದೆ. ಮಾರನೆಯ ದಿನ ಗರಡಿಯಲ್ಲಿ ತಿರುಗಿಸುವ ಮರದ ಗದೆಯನ್ನೇ ಹೆಗಲ ಮೇಲೆ ಹೊತ್ತು ತಂದರು. ಅದರ ಹಿಡಿ ನೋಡಿಕೊಂಡು, ದಂಡಿಯ ಬೆನ್ನಿಗೆ ಮರ ಅಂಟಿಸಿ ದಪ್ಪ ಮಾಡಿಕೊಟ್ಟೆ.

ವಾರದ ಮೇಲೆ ಸಿಕ್ಕಾಗ, "ಹಿಡಿತ ಹೇಗಿದೆ?" ಅಂತ ಕೇಳಿದೆ.

"ಹಿಡಿತ ಬೊಂಬಾಟ್! ಆದ್ರೆ ಹಾಡು ಜೋರಾದಾಗ ಅಭ್ಯಾಸಬಲದಿಂದ ಗಿಟಾರನ್ನೇ ತಲೆ ಮೇಲೆ ಒಂದು ಸುತ್ತು ತಿರುಗಿಸ್ಬುಟ್ಟೆ. ತಬಲದವರು ಈಗ ಮೂರು ಮಾರು ದೂರ ಕೂರ್ತಾರೆ."

೨

ಆಮೇಲೆ ಬಂದವರು ಒಬ್ಬ ಗುಮಾಸ್ತರು. ಸಣ್ಣ ಕೈ, ದೊಡ್ಡ ಬಾಯಿ. "ನಮ್ಮನೇಲಿ ಅಡುಗೆಮನೆ ಯಾವ ದಿಕ್ಕಲ್ಲಿದೆ ಅಂತ ನನಗೆ ಗೊತ್ತಿಲ್ಲ" ಅಂತ ಆಫೀಸಿನಲ್ಲೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಅಂಥವರು ಅವತ್ತು ಅಳುವುದೊಂದು ಬಾಕಿ.

"ಭಾನುವಾರ ನಮ್ಮ ಸಾಹೇಬರ ಮಗಳ ರಿಸೆಪ್ಷನ್ನು. ಈ ಸಲವೂ ಬೆರಳು ತಪ್ಪಿದರೆ ಗಿಟಾರು ಬೇರೆಯವರಿಗೆ ಅಂದಿದ್ದಾರೆ ನಮ್ಮ ಆರ್ಕೆಸ್ಟ್ರಾ ಪಾರ್ಟಿಯ ಮೇಷ್ಟ್ರು. ಈ ದಂಡಿ ಹಿಡಿದರೆ ಒನಕೆ ಹಿಡಿದ ಹಾಗಿದೆ ಕಣ್ರೀ!"

ಬೆನ್ನು ಚಪ್ಪಟೆ ಮಾಡಿಕೊಟ್ಟೆ, ಹೆಬ್ಬೆರಳು ನೋವು ಅಂದರು. ಮರ ಅಂಟಿಸಿ ದೋಣಿಯ ತಳದ ಹಾಗೆ ಏಣು ಕೊಟ್ಟೆ, ಅಂಗೈಗೆ ಒತ್ತುತ್ತದೆ ಅಂದರು. ನನಗೂ ರೇಗಿತು.

"ಅರ್ಧ ಗಂಟೆ ಹಿಡಿದರೂ ನಿಮ್ಮ ಕೈ ಸೋಲದಂಥ ವಸ್ತು ಏನಿದೆಯೋ ತನ್ನಿ!"

ತಲೆ ಕೆರೆದುಕೊಳ್ಳುತ್ತ ಹೊರಟರು. ಶುಕ್ರವಾರ ಪೇಪರಿನಲ್ಲಿ ಸುತ್ತಿ ತಂದದ್ದು ಒಂದು ಲಟ್ಟಣಿಗೆ. "ನಮ್ಮ ಮನೆಯವಳದು" ಅಂದರು ಮೆಲ್ಲಗೆ.

ಅದೇ ಗುಂಡಗಿನ ಗಾತ್ರಕ್ಕೆ ಕೆತ್ತಿದೆ. ಹಿಡಿದು ನೋಡಿದವರೇ, "ಕೂತ್ಬುಡ್ತು ಕಣ್ರೀ!" ಅಂದರು. ಕಣ್ಣಲ್ಲಿ ನೀರಾಡಿತು. ನನಗೂ ಖುಷಿಯಾಯಿತು. ಆ ಸಂಭ್ರಮದಲ್ಲಿ ಲಟ್ಟಣಿಗೆಯನ್ನು ನನ್ನ ಅಂಗಡಿಯಲ್ಲೇ ಮರೆತು ಹೋದರು.

೩

ಭಾನುವಾರ ರಿಸೆಪ್ಷನ್ನಿಗೆ ನಾನೂ ಹೋಗಿದ್ದೆ. ಒಂದು ಬೆರಳೂ ತಪ್ಪಲಿಲ್ಲ. ಸಾಹೇಬರೇ ಎದ್ದು ಹಾರ ಹಾಕಿದರು. ಇಡೀ ಆಫೀಸು ಸುತ್ತ ನಿಂತು ಚಪ್ಪಾಳೆ ಹೊಡೆಯಿತು. ಗುಮಾಸ್ತರು ನನ್ನನ್ನು ಕರೆದು, "ಇವರೇ ದಂಡಿ ಕೆತ್ತಿದವರು" ಅಂತ ಹೆಂಡತಿಗೆ ಪರಿಚಯ ಮಾಡಿಸಿದರು.

ಆಯಮ್ಮ ಎಲ್ಲರ ಮುಂದೆಯೇ ನನಗೆ ಕೈ ಮುಗಿದರು.

"ನಮ್ಮ ಲಟ್ಟಣಿಗೆ ನಿಮ್ಮಲ್ಲೇ ಇದೆಯಂತೆ, ಬೇಗ ಕೊಟ್ಬುಡಿ ಅಣ್ಣಾ. ಎರಡು ದಿನದಿಂದ ಇವರು ಬಾಟಲೀಲಿ ಲಟ್ಟಿಸ್ತಾ ಇದಾರೆ. ಒಂದು ಚಪಾತೀನೂ ಗುಂಡಗೆ ಬರ್ತಿಲ್ಲ!"