ನನ್ನ ನಾಯಕತ್ವ ಮತ್ತು ಹದಿನಾಲ್ಕು ಬುಟ್ಟಿಗಳು

ನಾನೊಬ್ಬ ಒಳ್ಳೆಯ ನಾಯಕ ಎಂಬ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಇದು ಉಳಿದವರಿಗೂ ತಿಳಿಯಲಿ ಎಂಬುದಷ್ಟೇ ನನ್ನ ಸಣ್ಣ ಅಪೇಕ್ಷೆಯಾಗಿತ್ತು.

ಇಷ್ಟು ಬರೆದು, ಖಾತ್ರಿ ಮಾಡಿಕೊಳ್ಳಲು ನನ್ನ ದಿನಚರಿಯನ್ನು ತೆಗೆದು ನೋಡಿದೆ. ನನ್ನ ನೆನಪಿಗೆ ನನ್ನ ಮೇಲೆ ವಿಪರೀತ ಪ್ರೀತಿ. ನಡೆದದ್ದರಲ್ಲಿ ನನಗೆ ಒಗ್ಗದ್ದನ್ನೆಲ್ಲ ಅದು ಸದ್ದಿಲ್ಲದೆ ಗುಡಿಸಿ ಹೊರಗೆ ಹಾಕುತ್ತದೆ. ದಿನಚರಿ ಬರೆಯುವವನೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವಂತಿಲ್ಲ. ಆದಕಾರಣ ಈ ಬರಹದಲ್ಲಿ ಎಲ್ಲೆಲ್ಲಿ ನಾನು ಧೀರನಂತೆ ಕಾಣುತ್ತೇನೋ ಅಲ್ಲೆಲ್ಲ ಓದುಗರು ನಾಲ್ಕಾಣೆ ಕಡಿತ ಮಾಡಿಕೊಂಡು ಓದಬೇಕಾಗಿ ವಿನಂತಿ.

ಬೆಟಗೇರಿಯಲ್ಲಿ ನಮ್ಮದೊಂದು ರೊಟ್ಟಿ ಕೇಂದ್ರವಿದೆ. ನಮ್ಮದು ಎಂದರೆ ಮಾಲೀಕರದು. ಅವರಿರುವುದು ಹುಬ್ಬಳ್ಳಿಯಲ್ಲಿ, ಇಲ್ಲಿಗೆ ಬರುವುದು ಅವರ ಫೋನು ಮಾತ್ರ. ಹದಿನಾಲ್ಕು ಒಲೆ, ಹದಿನಾಲ್ಕು ಹೆಂಗಸರು, ಒಬ್ಬ ಮ್ಯಾನೇಜರ್. ಆ ಒಬ್ಬನೇ ನಾನು. ಧಾರವಾಡದಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಹೆಂಗಸರು ಬೆಳಗ್ಗೆ ಆರಕ್ಕೆ ಬಂದು ಜೋಳದ ರೊಟ್ಟಿ ಬಡಿಯುತ್ತಾರೆ, ಬೇಯಿಸುತ್ತಾರೆ, ಒಲೆಯ ಸುತ್ತ ನಿಲ್ಲಿಸಿ ಒಣಗಿಸಿ ಖಡಕ್ ಮಾಡುತ್ತಾರೆ, ನಡುಮನೆಯಲ್ಲಿರುವ ಒಂದು ದೊಡ್ಡ ಬುಟ್ಟಿಗೆ ತಂದು ಹಾಕುತ್ತಾರೆ. ನಾನು ಹಿಟ್ಟು ತೂಗುತ್ತೇನೆ, ಫೋನು ಎತ್ತುತ್ತೇನೆ, ಟೆಂಪೋ ಕರೆಸುತ್ತೇನೆ. ಹತ್ತು ವರ್ಷಗಳಲ್ಲಿ ಯಾರೂ ನನ್ನನ್ನು "ಸರ, ಈಗ ಏನ ಮಾಡೂಣ್ರಿ?" ಎಂದು ಕೇಳಿರಲಿಲ್ಲ. ಕೆಲಸ ತಾನಾಗಿ ನಡೆಯುತ್ತಿತ್ತು. ನನ್ನ ಮನಸ್ಸಿಗೆ ಚುಚ್ಚುತ್ತಿದ್ದುದು ಅದೇ!

ಹೀಗಿರುವಾಗ ಮಾಲೀಕರ ಫೋನು ಬಂತು. "ಗದಗದಾಗ ಒಂದ ದಿನದ್ದು ತರಬೇತಿ ಐತಿ. ಮ್ಯಾನೇಜರ್‌ಗಳು ನಾಯಕತ್ವ ಹೆಂಗ ಸುಧಾರಿಸ್ಕೋಬೇಕು ಅಂತ. ಹೋಗಿ ಬರ್ರಿ. ಮತ್ತ ಮುಂದಿನ ವಾರ ಮುಂಡರಗಿ ವೀರಪ್ಪನವರ ಆರ್ಡರ್ ಐತಿ, ಐದು ಸಾವಿರ ಖಡಕ್ ರೊಟ್ಟಿ. ಗುರುವಾರ ಮಧ್ಯಾಹ್ನ ಮೂರಕ್ಕ ಟೆಂಪೋ ಬಿಡಬೇಕು. ಅದು ಚಲೋ ಹೋತಂದ್ರ ಈ ಸೀಜನ್ನಿನ ಅವರ ಮದಿವಿ ಎಲ್ಲಾ ನಮಗ. ಇಲ್ಲಾಂದ್ರ ಆರು ಮಂದಿನ್ನ ಬಿಡಸಬೇಕಾಕ್ಕತಿ ನೋಡ್ರಿ."

ವೀರಪ್ಪನವರು ಮುಂಡರಗಿಯ ದೊಡ್ಡ ಅಡುಗೆ ಗುತ್ತಿಗೆದಾರರು. ಆರು ಜನರ ಅನ್ನ ಈ ಆರ್ಡರಿನ ಮೇಲೆ ನಿಂತಿತ್ತು. ಅಂದ ಮೇಲೆ ನನ್ನ ನಾಯಕತ್ವ ಸುಧಾರಿಸಲು ಇದಕ್ಕಿಂತ ಒಳ್ಳೆಯ ವಾರ ಯಾವುದಿದೆ?

ತರಬೇತಿಯಲ್ಲಿ ಟೈ ಕಟ್ಟಿದ ಒಬ್ಬರು ಚಟಪಟನೆ ಮಾತಾಡಿದರು. ಮ್ಯಾನೇಜರ್ ಆಜ್ಞೆ ಮಾಡುತ್ತಾನೆ, ನಾಯಕ ಪ್ರಶ್ನೆ ಕೇಳುತ್ತಾನೆ. ಒಳ್ಳೆಯ ಕೆಲಸಗಾರರನ್ನು ಎಲ್ಲರೆದುರು ಹೊಗಳಬೇಕು. ಬದಲಾವಣೆ ತಂದಾಗ ವಿರೋಧ ಬಂದೇ ಬರುತ್ತದೆ, ಜಗ್ಗಬಾರದು. ಸಾಯಂಕಾಲ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ಅದನ್ನು ಎದೆಗವಚಿಕೊಂಡು ಮನೆಗೆ ಬಂದು ಮೊದಲ ಪ್ರಯೋಗವನ್ನು ಹೆಂಡತಿಯ ಮೇಲೆಯೇ ಮಾಡಿದೆ.

"ಸುಮಂಗಲಾ, ನಮ್ಮ ಮನಿ ಅಡಗಿಯೊಳಗ ಏನ ಸುಧಾರಣಾ ಮಾಡಬಹುದು ಅಂತ ನಿನಗ ಅನಸ್ತೈತಿ?"

ಆಕೆ ಸೌಟು ಹಿಡಿದುಕೊಂಡೇ ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ಮತ್ತೇನಾಗೇತ್ರಿ ನಿಮಗ?"

"ನಾಯಕ ಆದವ ಪ್ರಶ್ನೆ ಕೇಳಬೇಕು."

"ಹಂಗಾರ 'ಕಾಯಿಪಲ್ಲೆ ಏನ ತರಲಿ' ಅಂತ ಕೇಳ್ರಿ. ಹತ್ತು ವರ್ಷದಿಂದ ಅದೊಂದ ಪ್ರಶ್ನೆಗೆ ಕಾಯಾಕತ್ತೀನಿ."

ಮನೆಯ ವಾತಾವರಣ ಬದಲಾವಣೆಗೆ ಪಕ್ವವಾಗಿಲ್ಲ ಎಂದು ದಿನಚರಿಯಲ್ಲಿ ಬರೆದು ಮಲಗಿದೆ.

ಸೋಮವಾರ ಬೆಳಗ್ಗೆ ಏಳಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸಭೆ ಮಾಡಿದೆ. ಎಲ್ಲರಿಗಿಂತ ಮುಂದೆ ಗಂಗವ್ವ. ಕೇಂದ್ರ ಶುರುವಾದ ದಿನದಿಂದ ಇರುವವಳು. ಆಕೆಯ ನಾಲಿಗೆಗೆ ಖಾರದ ಕೊರತೆಯಿಲ್ಲ. ಪಕ್ಕದಲ್ಲಿ ನೀಲವ್ವ. ಅರವತ್ತು ದಾಟಿದ್ದರೂ ಸದ್ದಿಲ್ಲದೆ ಕೆಲಸ ಮಾಡುವವಳು. ಕೊನೆಯಲ್ಲಿ ರೇಣುಕಾ. ಇಪ್ಪತ್ತೈದರ ಹುಡುಗಿ, ಕೈ ಬಲು ಚುರುಕು.

"ತಾಯಂದಿರ, ಇವತ್ತಿಂದ ನಾನು ನಿಮ್ಮ ಮ್ಯಾನೇಜರ್ ಅಲ್ಲ," ಎಂದೆ.

"ಅಯ್ಯ! ಸರನ್ನ ಬಿಡಿಸಿದ್ರಂತವಾ!" ಎಂದಳು ಗಂಗವ್ವ. ನಾಲ್ಕು ಜನ ಕಣ್ಣಿಗೆ ಸೆರಗು ಹಚ್ಚಿದರು. ನನ್ನನ್ನು ಬಿಡಿಸಿಲ್ಲ, ನಾನು ನಾಯಕನಾಗಿದ್ದೇನೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಒಂದಿಷ್ಟು ಹೊತ್ತಾಯಿತು. ದಿನಚರಿಯ ಪ್ರಕಾರ ಹತ್ತು ನಿಮಿಷ. ಗಂಗವ್ವನ ಪ್ರಕಾರ ನಾದಿಟ್ಟ ಹದಿನಾಲ್ಕು ಪರಾತ ಹಿಟ್ಟು ಆರಿ ತಣ್ಣಗಾಗುವಷ್ಟು. ಜೋಳದ ಹಿಟ್ಟು ಆರಿದರೆ ರೊಟ್ಟಿ ಬಿರಿಯುತ್ತದೆ. ನನ್ನ ಮೊದಲ ಸಭೆಯ ಫಲವನ್ನು ಆ ದಿನ ಓಣಿಯ ಎಮ್ಮೆಗಳು ಸಂತೋಷದಿಂದ ತಿಂದವು.

ನಿಜವಾದ ಸುಧಾರಣೆ ಮರುದಿನ ಬಂತು. ಎಲ್ಲರೆದುರು ಹೊಗಳಬೇಕು ಎಂದರೆ ಯಾರನ್ನು ಹೊಗಳಬೇಕೆಂದು ಗೊತ್ತಿರಬೇಕಲ್ಲ? ಎಲ್ಲರ ರೊಟ್ಟಿಯೂ ಒಂದೇ ಬುಟ್ಟಿಗೆ ಬಿದ್ದರೆ ಯಾರದು ಎಷ್ಟು ಎಂದು ತಿಳಿಯುವುದು ಹೇಗೆ? ಹತ್ತು ವರ್ಷ ಈ ಪ್ರಾಥಮಿಕ ಪ್ರಶ್ನೆ ನನ್ನ ತಲೆಗೆ ಹೊಳೆದಿರಲಿಲ್ಲ ಎಂದು ನನಗೇ ನಾಚಿಕೆಯಾಯಿತು. ಪೇಟೆಗೆ ಹೋಗಿ ಹದಿನಾಲ್ಕು ಬುಟ್ಟಿ ತಂದೆ. ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿ ಒಂದೊಂದು ಒಲೆಯ ಪಕ್ಕ ಇಟ್ಟೆ. ದಿನಾ ಸಂಜೆ 'ದಿನದ ನಾಯಕಿ'ಗೆ ಶಾಲು!

ಗಂಗವ್ವ ಬುಟ್ಟಿಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬ್ಯಾಡ್ರಿ ಸರ. ಬುಟ್ಟಿ ಒಂದ ಇರ್ಲಿ."

"ಯಾಕ, ಗಂಗವ್ವ?"

"ಒಂದ ಇರ್ಲಿ, ಅಷ್ಟ."

"ಕಾರಣ ಹೇಳ್ರಿ. ನಾನು ಪ್ರಶ್ನೆ ಕೇಳಾಕತ್ತೀನಿ."

"ಕೆಲವು ಎಲ್ಲಾರ ಮುಂದ ಹೇಳಾಕ ಬರೂದಿಲ್ರಿ."

ಬಂತು ನೋಡಿ, ಟೈ ಕಟ್ಟಿದವರು ಎಚ್ಚರಿಸಿದ್ದ ವಿರೋಧ! ನಾನು ಜಗ್ಗಲಿಲ್ಲ. ಆ ವಿಷಯದಲ್ಲಿ ಮಾತ್ರ ನನ್ನ ನೆನಪು ಮತ್ತು ದಿನಚರಿ ಎರಡೂ ಒಂದೇ ಮಾತು ಹೇಳುತ್ತವೆ.

ಸಂಜೆ ಎಣಿಸಿದೆ. ಎಲ್ಲರಿಗಿಂತ ಹೆಚ್ಚು ರೇಣುಕಾ. ಎಲ್ಲರಿಗಿಂತ ಕಡಿಮೆ, ಅವಳ ಅರ್ಧದಷ್ಟೂ ಇಲ್ಲ, ನೀಲವ್ವ. ರೇಣುಕಾಳಿಗೆ ಶಾಲು ಹೊದಿಸಿದೆ. ಆ ಹುಡುಗಿ ಒಲೆಯ ಕಾವಿನಲ್ಲಿ ಶಾಲು ಹೊದ್ದು, ಯಾರದೋ ಚಪ್ಪಲಿ ಕದ್ದು ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿ ನಿಂತಳು. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಈ ಬರಹ ಇಷ್ಟು ಉದ್ದವಾಗುತ್ತಿರಲಿಲ್ಲ. ನೀಲವ್ವನ ಕಡೆ ತಿರುಗಿ, ಅತ್ಯಂತ ಸೌಜನ್ಯದಿಂದ, ಎಲ್ಲರಿಗೂ ಕೇಳಿಸುವಂತೆ ಹೇಳಿದೆ:

"ನೀಲವ್ವ, ನಿಮ್ಮೊಳಗ ಭಾಳ ಶಕ್ತಿ ಐತಿ. ಅದನ್ನ ಹೊರಗ ತರ್ರಿ."

ನೀಲವ್ವ "ಹೂಂನ್ರಿ" ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಬುಧವಾರ ಆಕೆ ನನ್ನ ಮಾತನ್ನು ಅಕ್ಷರಶಃ ಪಾಲಿಸಿದಳು. ಬಂದವಳೇ ತನ್ನ ಒಲೆಯ ಮುಂದೆ ಕುಳಿತಳು, ಸಂಜೆಯವರೆಗೆ ಏಳಲಿಲ್ಲ, ಅತ್ತಿತ್ತ ನೋಡಲಿಲ್ಲ. ಅವಳ ಬುಟ್ಟಿಯಲ್ಲಿ ಮೂವತ್ತು ರೊಟ್ಟಿ ಹೆಚ್ಚಾಯಿತು. ನನಗೆ ಬಹಳ ಆನಂದವಾಯಿತು. ಆನಂದದ ಭರದಲ್ಲಿ ಉಳಿದ ಹದಿಮೂರು ಬುಟ್ಟಿ ನೋಡಲು ತಡವಾಯಿತು.

ಹದಿಮೂರರಲ್ಲೂ ಚೂರು! ಅಂಚು ಬಿರಿದದ್ದು, ನಡುವೆ ಸೀಳಿದ್ದು, ಹಂಚಿನಿಂದ ಎತ್ತುವಾಗಲೇ ಎರಡಾಗಿದ್ದು. ಹೆಂಗಸರ ನಡುವೆ ಮಾತಿಲ್ಲ, ನಗೆಯಿಲ್ಲ. ಪ್ರತಿಯೊಬ್ಬರೂ ತಮ್ಮ ಬುಟ್ಟಿಯನ್ನು ಮೊಣಕಾಲಿಗೆ ಒತ್ತಿಕೊಂಡು ಕುಳಿತಿದ್ದರು. ಆ ದಿನ ಯಾರಿಗೆ ಶಾಲು ಕೊಟ್ಟೆ ಎಂದು ನನಗೆ ನೆನಪಿಲ್ಲ. ದಿನಚರಿಯಲ್ಲಿ ಆ ಪುಟ ಖಾಲಿ ಇದೆ.

ಗುರುವಾರ ಬೆಳಗ್ಗೆ ಹತ್ತಕ್ಕೆ ಗಟ್ಟಿ ರೊಟ್ಟಿಗಳನ್ನೆಲ್ಲ ಎಣಿಸಿದೆ. ಇನ್ನೂ ಒಂದು ಸಾವಿರದ ಇನ್ನೂರು ಕಡಿಮೆ. ಮೂರಕ್ಕೆ ಟೆಂಪೋ. ಅಷ್ಟರಲ್ಲಿ ಮಾಲೀಕರ ಫೋನು.

"ಎಷ್ಟಾತ್ರಿ?"

"ತಂಡ ಒಳ್ಳೆ ಉತ್ಸಾಹದಾಗ ಐತ್ರಿ," ಎಂದೆ.

"ಉತ್ಸಾಹ ಟೆಂಪೋದಾಗ ಹಾಕಿ ಕಳಸ್ತೀರೇನು? ರೊಟ್ಟಿ ಎಷ್ಟಾದ್ವು?"

ಫೋನು ಕಟ್ಟಾಯಿತು. ನಾನೇ ಕಟ್ ಮಾಡಿದೆ ಎಂಬ ಅನುಮಾನವಿದೆ. ಅಂಗಿಯ ತೋಳು ಮಡಚಿದೆ. ನಾಯಕ ತಾನೇ ಮುಂದೆ ನಿಂತು ಮಾಡಿ ತೋರಿಸಬೇಕು ಎಂದೂ ಟೈ ಕಟ್ಟಿದ ಆ ಮಹನೀಯರು ಹೇಳಿದ್ದರು. ರೇಣುಕಾಳನ್ನು ಎಬ್ಬಿಸಿ ಅವಳ ಒಲೆಯ ಮುಂದೆ ಕುಳಿತೆ.

ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವನು ನಾನು. ತಿನ್ನುವುದಕ್ಕೂ ಬಡಿಯುವುದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದು ಮೊದಲ ಏಟಿಗೇ ತಿಳಿಯಿತು. ಹಿಟ್ಟು ಅಂಗೈಗೆ ಅಂಟಿತು. ಬಿಡಿಸಲು ಹೋದರೆ ಇನ್ನೊಂದು ಅಂಗೈಗೆ ಅಂಟಿತು. ಕಷ್ಟಪಟ್ಟು ಹರಡಿದ್ದನ್ನು ಹಂಚಿನ ಮೇಲೆ ಹಾಕುವಾಗ ಬೆರಳೂ ಜೊತೆಗೆ ಹೋಯಿತು. "ಯವ್ವಾ!" ಎಂದು ಕೂಗಿದ್ದು ನಾನೇ. ಇಲ್ಲಿ ಕಡಿತ ಬೇಡ, ಪೂರ್ತಿ ಓದಿಕೊಳ್ಳಿ.

ಗಂಗವ್ವ ಎದ್ದು ಬಂದು ಬಗ್ಗಿ ನೋಡಿದಳು.

"ಸರ, ಇದು ರೊಟ್ಟಿನೋ, ಶಿರಹಟ್ಟಿ ತಾಲೂಕಿನ ನಕಾಶೆನೋ?"

"ಲಕ್ಷ್ಮೇಶ್ವರಾನೂ ಕೂಡೇತಿ ನೋಡಬೇ, ಈ ಕಡೆ ಚಾಚಿದ್ದು!" ಎಂದಳು ರೇಣುಕಾ.

ಮೂರು ದಿನಗಳಲ್ಲಿ ಮೊದಲ ಸಲ ಹದಿನಾಲ್ಕು ಹೆಂಗಸರೂ ನಕ್ಕರು. ನೀಲವ್ವ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನಕ್ಕವಳು ನನ್ನ ಪರಾತದ ಹಿಟ್ಟಿಗೆ ಎರಡು ಬೆರಳು ಇಳಿಸಿ ನೋಡಿ ಮುಖ ಕಿವುಚಿದಳು.

"ಈ ಹಿಟ್ಟಿನಾಗ ಜಿಗಿನ ಇಲ್ರಿ, ಕೂಡಿ ನಿಲ್ಲಂಗಿಲ್ಲ. ಹಳೇ ಜ್ವಾಳ ಐತಿ. ಇದಕ್ಕ ಕುದಿಯೋ ಎಸರು ಬೇಕು. ಉಗುರು ಬಿಸಿ ನೀರು ಹಾಕಿದ್ರ ಹಿಂಗ ಬಿರಿತೈತಿ."

"ಇದನ್ನ ಮೊದಲ ಯಾಕ ಹೇಳಲಿಲ್ಲ?" ಎಂದೆ.

ಉತ್ತರ ಕೊಟ್ಟವಳು ಗಂಗವ್ವ. ದನಿ ತಗ್ಗಿಸಿ, ನನ್ನೊಬ್ಬನಿಗೇ ಕೇಳುವ ಹಾಗೆ.

"ಆಕಿ ದಿನಾ ಹೇಳತಿದ್ಲಲ್ರಿ ಸರ. ಮುಂಜಾನೆ ಬಂದು ಹದಿನಾಲ್ಕೂ ಪರಾತಕ್ಕ ಕೈ ಹಾಕಿ ಎಸರು ನೋಡಾಕಿ ಆಕೀನ. ಆಕಿ ಭುಜ ಹಿಡದು ಎರಡು ವರ್ಷ ಆತು, ಭಾಳ ಬಡಿಯಾಕ ಆಗಂಗಿಲ್ಲ. ಆಕಿ ನಮ್ಮ ಹಿಟ್ಟು ನೋಡತಿದ್ಲು, ನಾವು ಆಕಿ ರೊಟ್ಟಿ ಬಡಿತಿದ್ವಿ. ಒಂದ ಬುಟ್ಟಿ ಇತ್ತಲ್ರಿ, ಯಾರಿಗೆ ಗೊತ್ತಾಗಬೇಕು? ನೀವು ಬುಟ್ಟಿ ಬ್ಯಾರೆ ಮಾಡಿ, ಎಲ್ಲಾರ ಮುಂದ ಶಕ್ತಿ ಹೊರಗ ತಾ ಅಂದ್ರಿ. ಆಕಿ ತನ್ನ ಬುಟ್ಟಿ ತುಂಬಾಕ ಕುಂತ್ಲು. ಬಿಡಿಸ್ತೀರಿ ಅಂತ ಅಂಜಿಕಿರಿ ಆಕೀಗೆ."

ಹತ್ತು ವರ್ಷ ಅದೇ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತವನು ನಾನು. ದಿನಾ ಬೆಳಗ್ಗೆ ನೀಲವ್ವ ಒಲೆಯಿಂದ ಒಲೆಗೆ ತಿರುಗುವುದನ್ನು ನೋಡಿದ್ದೇನೆ. ಮಾತಾಡಲು ಹೋಗುತ್ತಾಳೆ ಎಂದುಕೊಂಡಿದ್ದೆ. ಒಂದು ಸಲವಂತೂ "ನೀಲವ್ವ, ಹರಟಿ ಸಾಕು" ಎಂದು ಗದರಿದ ನೆನಪು. ಈ ನೆನಪು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಸುಳ್ಳಲ್ಲ. ದಿನಚರಿಯಲ್ಲಿದೆ.

ಎದ್ದು ಹದಿನಾಲ್ಕು ಬುಟ್ಟಿಗಳನ್ನೂ ನಾನೇ ಹೊತ್ತು ಹಿತ್ತಲಿಗೆ ಹಾಕಿದೆ. ದೊಡ್ಡ ಬುಟ್ಟಿಯನ್ನು ನಡುಮನೆಗೆ ಎಳೆದು ತಂದೆ.

"ನೀಲವ್ವ, ನೀವು ರೊಟ್ಟಿ ಬಡಿಯೂದು ಬ್ಯಾಡ. ಇವತ್ತಿಗಷ್ಟ ಅಲ್ಲ, ಯಾವತ್ತೂ ಬ್ಯಾಡ. ಹಿಟ್ಟು ನೋಡ್ರಿ ಸಾಕು. ಪಗಾರ ಇದ್ದಂಗ ಇರತೈತಿ. ಮಾಲೀಕರಿಗೆ ನಾನ ಹೇಳ್ತೀನಿ."

"ಖರೇನ್ರಿ?" ಎಂದಳು ಆಕೆ.

"ಖರೆ. ಈಗ ನಾನೇನು ಮಾಡಲಿ ಹೇಳ್ರಿ?"

"ನೀವೇನೂ ಮಾಡಬ್ಯಾಡ್ರಿ, ಮುಗೀತು," ಎಂದಳು ಗಂಗವ್ವ.

ಹೀಗೆ ನನ್ನ ಮೊದಲ ನಿಜವಾದ ಪ್ರಶ್ನೆಗೆ ಕೊನೆಗೂ ಒಂದು ಉತ್ತರ ಸಿಕ್ಕಿತು. ನೀಲವ್ವ ಒಲೆಯಿಂದ ಒಲೆಗೆ ತಿರುಗತೊಡಗಿದಳು. "ನಿಂದು ಇನ್ನೊಂದು ಕುದಿ ಬರಲಿ." "ನಿಂದು ಸಾಕು, ನಾದು." ಹದಿಮೂರು ಜೊತೆ ಕೈಗಳ ಸದ್ದು ಒಂದೇ ಲಯಕ್ಕೆ ಬಂತು. ಎರಡೂ ಮುಕ್ಕಾಲಿಗೆ ಎಣಿಸಿದರೆ ನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.

ಒಂದು ಕಡಿಮೆ! ಇನ್ನೊಂದು ಮಾಡಿ ಎಂದು ಹೇಳಿದ್ದರೆ ಎರಡು ನಿಮಿಷದಲ್ಲಿ ಮಾಡುತ್ತಿದ್ದರು. ಆದರೆ ಅಷ್ಟರಲ್ಲಿ ನನ್ನ ಕಣ್ಣಿಗೆ ಒಲೆಯ ಪಕ್ಕ ಒರಗಿಸಿದ್ದ ನನ್ನದೇ ರೊಟ್ಟಿ ಬಿತ್ತು. ಖಡಕ್ಕಂತೂ ಆಗಿತ್ತು. ಈ ಮಹತ್ಕಾರ್ಯದಲ್ಲಿ ನಾಯಕನದೂ ಒಂದು ಪಾಲು ಇರಲಿ ಎಂದು, ಯಾರೂ ನೋಡದಾಗ, ಅದನ್ನು ರೊಟ್ಟಿ ತುಂಬಿದ್ದ ಡಬ್ಬಿಗಳಲ್ಲಿ ಕೊನೆಯದರೊಳಗೆ ಎಲ್ಲಕ್ಕಿಂತ ಮೇಲೆ ಇಟ್ಟು ಮುಚ್ಚಳ ಹಾಕಿದೆ. ಟೆಂಪೋದಲ್ಲಿ ನಾನೂ ಹತ್ತಿ ಮುಂಡರಗಿಗೆ ಹೊರಟೆ.

ಕೊನೆಗೆ ಏರಿಸಿದ ಡಬ್ಬಿಯೇ ಮೊದಲು ಇಳಿಯುತ್ತದೆ ಎಂಬ ಸಂಗತಿ ಎಂ.ಎ. ಮಾಡಿದವನಿಗೆ ಹೊಳೆಯಬೇಕಿತ್ತು.

ವೀರಪ್ಪನವರು ಮುಚ್ಚಳ ತೆಗೆದರು. ಮೇಲಿದ್ದುದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಒಂದು ಕಡೆ ಕರಿ, ಒಂದು ಕಡೆ ದಪ್ಪ, ನಡುವೆ ನನ್ನ ಹೆಬ್ಬೆರಳಿನ ಸ್ಪಷ್ಟ ಗುರುತು.

"ಇದೇನ್ರಿ ಇದು?"

ಆರು ಜನರ ಮುಖ ನನ್ನ ಕಣ್ಣ ಮುಂದೆ ಹಾದುಹೋಯಿತು. ಸುಳ್ಳು ಹೇಳಿದರೆ ಅದು ಯಾರ ಕೈಗೆ ಅಂಟಿಕೊಳ್ಳುತ್ತದೆ ಎಂಬುದೂ ಹೊಳೆಯಿತು.

"ಅದೊಂದು ನಮ್ಮ ಹೆಣ್ಣಮಕ್ಕಳು ಮಾಡಿದ್ದಲ್ರಿ. ಮ್ಯಾನೇಜರ್ ಮಾಡಿದ್ದು."

"ಅವನ್ನ ಮೊದಲ ಬಿಡಸ್ರಿ."

"ನಾನ ರೀ ಮ್ಯಾನೇಜರ್."

ವೀರಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅದರ ಕೆಳಗಿನ ರೊಟ್ಟಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿದರು. ಚಟ್ ಎಂದಿತು. ಇನ್ನೊಂದು ಡಬ್ಬಿ ತೆಗೆಸಿದರು, ಮತ್ತೊಂದು ತೆಗೆಸಿದರು. ಎಲ್ಲ ಕಡೆ ಚಟ್, ಚಟ್, ಚಟ್.

"ಸೀಜನ್ ಪೂರ್ತಿ ನಿಮಗ ಕೊಟ್ಟೇನಿ," ಎಂದರು. "ಆದ್ರ ಒಂದ ಷರತ್ತು. ನೀವು ಒಲಿ ಹತ್ರ ಹೋಗಬಾರ್ದು."

ನಾನು ಒಪ್ಪಿದೆ. ಒಪ್ಪುವಾಗ ತಲೆ ಎತ್ತಿ ನಿಂತಿದ್ದೆ ಎಂದು ನನ್ನ ನೆನಪು. ಟೆಂಪೋ ಡ್ರೈವರನ ನೆನಪು ಬೇರೆ ಇದೆಯಂತೆ.

ಮರುದಿನ ಬೆಳಗ್ಗೆ ಎಲ್ಲರಿಗೂ ಸುದ್ದಿ ಹೇಳಿದೆ. ಯಾರನ್ನೂ ಬಿಡಿಸುವುದಿಲ್ಲ, ಸೀಜನ್ ನಮ್ಮದೇ ಎಂದೆ. ವೀರಪ್ಪನವರ ಷರತ್ತನ್ನೂ ಮುಚ್ಚಿಡದೆ ಹೇಳಿದೆ. ನೀಲವ್ವ ಕೈ ಮುಗಿದಳು. ಗಂಗವ್ವ ಮಾತ್ರ ಕೇಳಿದಳು:

"ಆ ಷರತ್ತು ಬರದು ಕೊಟ್ಟಾರೇನ್ರಿ, ಸರ?"

ಅವರು ಬರೆದು ಕೊಟ್ಟಿರಲಿಲ್ಲ. ಆದಕಾರಣ ನಾನೇ ದಪ್ಪಕ್ಷರದಲ್ಲಿ ಬರೆದು, ಸಹಿ ಮಾಡಿ, ಕೇಂದ್ರದ ಠಸ್ಸೆ ಒತ್ತಿ, ಒಲೆಗಳ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ನನ್ನ ನಾಯಕತ್ವದಲ್ಲಿ ಹೊರಟ ಆದೇಶಗಳಲ್ಲಿ ಎಲ್ಲರೂ ಒಮ್ಮತದಿಂದ ಸ್ವಾಗತಿಸಿದ್ದು ಇದೊಂದೇ!