ಕೆಸರಿನ ಕುಲ ಕೇಳುವ ಕಾಕಾ

ನಮ್ಮ ಕಾಕಾನಿಗೆ ಮನುಷ್ಯರ ಕುಲಗೋತ್ರ ನೆನಪಿರುತ್ತಿರಲಿಲ್ಲ. ಕೆಸರಿನದು ಮಾತ್ರ ಬಾಯಿಪಾಠ! ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿದ್ದ ಈ ಮಾಸ್ತರ, ಅಂದರೆ ಅಪ್ಪನ ತಮ್ಮ, ಹಸಿನೆಲ ಕಂಡಲ್ಲೆಲ್ಲ ಸೈಕಲ್ ನಿಲ್ಲಿಸಿ ಕೋಲು ಊರುತ್ತಿದ್ದ. ಹಿಂದೆ ಕೂತ ನನಗೆ ಒಂದೇ ಚಿಂತೆ. ಇವತ್ತು ಯಾರ ಹಿತ್ತಿಲಿಗೆ ನುಗ್ಗಿ ಯಾರಿಂದ ಬೈಸುತ್ತಾನೋ!

ಕಲಬುರಗಿಯದೇ ಗಾಜಿಪುರ ಬಡಾವಣೆಯ ಒಂದು ಓಣಿಯಲ್ಲಿ ಬೇಸಿಗೆಯಲ್ಲೂ ನೀರು ಜಿನುಗುತ್ತಿತ್ತು. ಹೆಣ್ಣುಮಕ್ಕಳು ಅರಿಸಿನ ಕುಂಕುಮ ಹಚ್ಚಿ ಪೂಜೆ ನಡೆಸಿದ್ದರು. ಕಾಕಾ ಕೆದರಿ ನೋಡಿದ. ಯಾರದೋ ನಳದ ಪೈಪು ಒಡೆದಿತ್ತು.

"ಇದು ಗಂಗಿ ಅಲ್ರೀ ಅಕ್ಕಾರ, ನಳದ ನೀರು."

ಕಾಯಿ ಹಿಡಿದು ನಿಂತಿದ್ದ ಅಜ್ಜಿ, "ನಳದಾಗ ಬಂದ್ರ ಗಂಗಿ ಅಲ್ಲೇನು?" ಅಂದಳು. ಮಾಸ್ತರ ಕೋಲು ಒರೆಸಿಕೊಂಡು ಸೈಕಲ್ ಕಡೆ ತಿರುಗಿದ. ನಾನಂತೂ ಆಗಲೇ ಸೈಕಲ್ ಏರಿ ಕೂತಿದ್ದೆ.

ಜೌಗುಗಳಲ್ಲಿ ಅವನು ಮೂರು ಕುಲ ಮಾಡಿದ್ದ. "ಮಳೀದು ಬಡವರ ಕೂಸು, ಒಂದು ವರ್ಷ ಉಪವಾಸ ಬಿದ್ರೂ ಮರುವರ್ಷ ಎದ್ದು ಆಡ್ತದ. ಹಳ್ಳದ್ದು ಮನಿಅಳಿಯ, ಮ್ಯಾಲಿನವ್ರು ಬಡಿಸಿದ್ದ ಉಣಬೇಕು. ಒರತೀದು ನೋಡಾಕ ಗಟ್ಟಿ, ಆದ್ರ ಬಾಜೂಕ ಒಂದು ಬೋರು ಹೊಡದ್ರ ಸದ್ದಿಲ್ದ ಸಾಯ್ತದ."

ನಗುತ್ತಿದ್ದೆವು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ನಗು ನಿಂತಿತು. ಕಮಲಾಪುರದಲ್ಲಿ ನಮ್ಮ ಬಾಳೆತೋಟ ಬಾಡತೊಡಗಿ, ಕೆಳಗಿನ ಜೌಗಿನ ಪಕ್ಕದಲ್ಲೇ ಬೋರು ಹೊಡೆಸಲು ಅಪ್ಪ ಲಾರಿ ಕರೆಸಿದರು. ಸುದ್ದಿ ತಿಳಿದು ಕಾಕಾ ಮೊದಲ ಬಸ್ಸಿಗೆ ಬಂದಿಳಿದ.

"ಅಣ್ಣಾ, ಇದು ಒರತೀದು. ಇಂಥಾ ಬಿಸಲಾಗೂ ಹುಲ್ಲು ಹಸರ ಅದ ನೋಡು. ಇಲ್ಲಿ ಬ್ಯಾಡ."

"ಬಾಳಿ ಸಾಯಾಕತ್ತಾವ, ನೀ ಕೆಸರಿಗಿ ಅಳ್ತಿ?"

"ಹಂಗಾದ್ರ ನನ್ನ ಪಾಲು ಕೊಡು. ಈ ಜೌಗು ಒಂದ ಸಾಕು. ಉಳಿದ ಹೊಲ ಎಲ್ಲಾ ನಿಂದ."

ಪಾಲು ಎಂಬ ಮಾತು ನಮ್ಮ ಮನೆಯಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಮನೆ ಒಡೆದೇ ಹೋಯಿತೆಂದು ನಾನು ನಂಬಿದೆ.

ಅಪ್ಪ ತಮ್ಮನ ಹತ್ತಿರ ಬಂದರು. "ಪಾಲಿನ ಮಾತು ಇನ್ನೊಮ್ಮಿ ತಗೀಬ್ಯಾಡ" ಅಂದವರು ಡ್ರೈವರನ ಕಡೆ ತಿರುಗಿ, "ವಾಪಸ್ ಹೋಗ್ರಿ" ಅಂದರು.

ಶಾಲೆಯ ಬೇಸಿಗೆ ಸೂಟಿ ಮುಗಿಯುವವರೆಗೂ ಕಾಕಾ ಕಲಬುರಗಿಗೆ ಮರಳಲಿಲ್ಲ. ಬೆಳಿಗ್ಗೆ ಸಂಜೆ ಜೌಗಿನಿಂದ ಕೊಡದಲ್ಲಿ ನೀರು ಹೊತ್ತು, ಉಳಿದ ಬಾಳೆಗೆ ಹಾಕಿದ. ಅಪ್ಪ ಮೂರು ದಿನ ಬದುವಿನ ಮೇಲೆ ಕೂತು ನೋಡಿದರು. ನಾಲ್ಕನೆಯ ದಿನ ತಾವೂ ಒಂದು ಕೊಡ ಎತ್ತಿಕೊಂಡು ತಮ್ಮನ ಹಿಂದೆ ನಡೆದರು.