ಗಂಜಿ ಹಾಕಿದ ಶಾವಿಗೆ

ಒಂಬತ್ತು ವಾರಿ ಸೀರೆಯನ್ನು ಒಂದು ಎಳೆ ತಪ್ಪದೆ ನೇಯುವವನಿಗೆ ಶಾವಿಗೆ ಯಾವ ಲೆಕ್ಕ? ಹೀಗೆಂದು ನಾನು ಬನಹಟ್ಟಿಯ ನಮ್ಮ ಓಣಿಯ ನಡುವೆ ನಿಂತು ಹೇಳಿದ್ದು ಖರೆ. ಆಗ ಓಣಿಯಲ್ಲಿ ಬಹಳ ಜನ ಇದ್ದರು. ಅದೇ ತಪ್ಪಾಯಿತು!

ಸಂಗತಿ ಹೀಗಿದೆ. ಮಗ್ಗ ಹಿಡಿಯುವ ಮೊದಲು ನಾನು ಕೆಲವು ಕಾಲ ಮುಂಬೈ ಬಂದರಿನಲ್ಲಿ ಹಮಾಲಿ ಮಾಡಿದ್ದೆ. ನನ್ನ ಖೋಲಿಯ ಪಕ್ಕದಲ್ಲಿ ಪೆದ್ರೋ ಎಂಬವನಿದ್ದ. ಫಿಲಿಪೈನ್ಸ್ ದೇಶದವನು, ಹಡಗಿನ ಅಡುಗೆಯವನು. ಯುದ್ಧದ ಕಾಲದಲ್ಲಿ ತನ್ನ ದೇಶಕ್ಕೆ ಹೋಗಲಾರದೆ ಮುಂಬೈಯಲ್ಲೇ ಉಳಿದಿದ್ದ. ಅವನು ಹುಳಿ ಶಿರ್ಕಾ (ವಿನೆಗರ್), ಬೆಳ್ಳುಳ್ಳಿ ಹಾಕಿ ಮಾಂಸ ಬೇಯಿಸುವ ದಿನ, ಕೊರಳಲ್ಲಿ ಲಿಂಗವಿದ್ದ ನಾನು ಸಮುದ್ರದ ದಂಡೆಗೆ ಹೋಗಿ ಕೂರುತ್ತಿದ್ದೆ. ‘ಪಾನ್ಸಿತ್’ ಮಾಡುವ ದಿನ ಮಾತ್ರ ಕದಲುತ್ತಿರಲಿಲ್ಲ. ಪಾನ್ಸಿತ್ ಎಂದರೆ ನಮ್ಮ ಶಾವಿಗೆಯ ದೂರದ ಬೀಗರು. ನನಗಾಗಿ ಅವನು ಮಾಂಸ ಬಿಟ್ಟು, ಬೇಯಿಸಿದ ಉದ್ದನೆಯ ಎಳೆಗಳನ್ನು ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಜ್ಜರಿಯ ಜೊತೆ ಹುರಿದು ಮೇಲೆ ನಿಂಬೆ ಹಿಂಡಿ ಕೊಡುತ್ತಿದ್ದ. ಹುಟ್ಟಿದ ದಿನ ಅವರ ದೇಶದಲ್ಲಿ ಇದನ್ನು ಉಣ್ಣಲೇಬೇಕಂತೆ. ಎಳೆಯನ್ನು ಮಾತ್ರ ಕತ್ತರಿಸಬಾರದು. ಎಳೆ ಎಷ್ಟು ಉದ್ದವೋ ಆಯುಷ್ಯ ಅಷ್ಟು ಉದ್ದ!

ನಾನು ಊರಿಗೆ ಬರುವಷ್ಟರಲ್ಲಿ ರಾಜರ ಸಂಸ್ಥಾನ ಹೋಗಿ ನಮ್ಮೂರೂ ಮುಂಬೈ ರಾಜ್ಯಕ್ಕೆ ಸೇರಿತ್ತು. ಹೀಗಾಗಿ ಮುಂಬೈಯಲ್ಲಿ ಕಲಿತ ವಿದ್ಯೆಗೆ ಬನಹಟ್ಟಿಯಲ್ಲಿ ಸರಕಾರಿ ಮಾನ್ಯತೆ ಇದೆ ಎಂದೇ ನನ್ನ ತಿಳುವಳಿಕೆ.

ಕೆಲವು ವರ್ಷಗಳ ಮೇಲೆ ಒಂದು ಚಳಿಗಾಲದಲ್ಲಿ ನನ್ನ ಮಗಳು ನೀಲವ್ವನಿಗೆ ವಿಷಮಜ್ವರ ಬಂದಿತ್ತು. ಜಮಖಂಡಿಯಿಂದ ಬಂದ ಡಾಕ್ಟರರು ಒಂದು ದಿನ ನಮ್ಮ ಮುಖ ನೋಡದೆಯೇ ಹೊರಗೆ ಹೋದರು. ಹುಡುಗಿ ಹೇಗೋ ಉಳಿದಳು. ಯುಗಾದಿಯ ಮರುದಿನ ಅವಳಿಗೆ ಐದು ತುಂಬುತ್ತಿತ್ತು. ಪೆದ್ರೋನ ಮಾತು ಖರೆಯೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಆದರೆ ಮಗಳ ಆಯುಷ್ಯದ ವಿಷಯದಲ್ಲಿ ಯಾವ ದೇಶದ ನಂಬಿಕೆಯನ್ನೂ ಬಿಡುವ ಧೈರ್ಯ ನನಗಾಗಲಿಲ್ಲ.

“ಶಾವಿಗಿ ನಮ್ಮವ್ವ ಮುಧೋಳದಿಂದ ತರತಾಳ. ನಿಮಗ್ಯಾಕ ಬೇಕ್ರಿ ಈ ಉಸಾಬರಿ?” ಎಂದಳು ಹೆಂಡತಿ ಗೌರವ್ವ.

“ನಿಮ್ಮವ್ವನ ಶಾವಿಗಿ ಗೇಣುದ್ದ ಇರತಾವ. ನನ್ನ ಮಗಳಿಗಿ ಗೇಣುದ್ದ ಆಯುಷ್ಯ ಸಾಕೇನು?”

ಈ ಮಾತು ಮುಗಿಯುವುದಕ್ಕೂ ಅತ್ತೆ ಗಂಟು ಹಿಡಿದು ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಮುಧೋಳದ ಅರ್ಧ ಮದುವೆಗಳ ಶಾವಿಗೆ ಅವರ ಕೈಯಿಂದಲೇ ಹೊರಟದ್ದು. ಅವರು ಗಂಟನ್ನು ಇಳಿಸಿ, ಕಟ್ಟೆಯ ಮೇಲೆ ನೆಟ್ಟಗೆ ಕುಳಿತರು.

“ಗಂಡಸು ಶಾವಿಗಿ ಹೊಸದ್ರ ಹ್ಯಾಂಗಿರತಾವ ನೋಡೂಣಂತ. ನಡೀಲಿ, ಅಳಿಯಾರ!”

ನಾನು ಗೋದಿ ಹಿಟ್ಟು ನಾದಿದೆ. ತೋಳು ಬಿದ್ದುಹೋಗುವ ಹಾಗೆ ನಾದಿದೆ. ಮನೆಯ ಮುಂದೆ, ಬಾಗಿಲಿನಿಂದ ಬೇವಿನ ಮರದವರೆಗೆ, ಸೀರೆಯ ಹಾಸು, ಅಂದರೆ ಉದ್ದನೆಯ ನೂಲು, ಬಿಗಿಯುವ ಗೂಟಗಳಿದ್ದವು. ಶಾವಿಗೆಯನ್ನು ಎಳೆಯುತ್ತ ಎಳೆಯುತ್ತ ಆ ಗೂಟಗಳಿಗೇ ಹಾಸಿದೆ!

“ಹರೀತು,” ಎಂದರು ಅತ್ತೆ.

ಎಳೆ ಹರಿಯುವುದು ನೇಕಾರನಿಗೆ ಹೊಸದೇ? ತುದಿಗೆ ತುದಿ ಸೇರಿಸಿ ಗಂಟು ಹಾಕಿದೆ.

“ಮತ್ತ ಹರೀತು.”

ಮತ್ತೆ ಗಂಟು. ಅತ್ತೆ ಹೇಳುವುದನ್ನು ಬಿಡಲಿಲ್ಲ, ನಾನು ಕಟ್ಟುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ನೇಕಾರ ದರೆಪ್ಪ ಬಂದು, ಎಳೆಗಳನ್ನು ಬೆರಳಿನಿಂದ ಸವರಿ, ಮೆಚ್ಚಿಕೊಂಡು ತಲೆಯಾಡಿಸಿದ.

“ಹಾಸು ಛಲೋ ಐತೆಲೇ ಮಲ್ಲಪ್ಪ. ಯಾವ ನಂಬರ ನೂಲು?”

“ನೂಲಲ್ಲೋ, ಗೋದಿ!”

ದರೆಪ್ಪ ಬೆರಳು ನೆಕ್ಕಿ ನೋಡಿದ. ಆಮೇಲೆ ಕಸುಬಿನ ಮನುಷ್ಯನಾದ್ದರಿಂದ ಕಸುಬಿನ ಮಾತನ್ನೇ ಆಡಿದ. “ಗೋದಿ ಇರಲಿ, ಹತ್ತಿ ಇರಲಿ, ಹಂಗ ಬಿಟ್ಟರ ಹರೀಲಾರ್ದ ಏನ್ ಮಾಡತೈತಿ? ಗಂಜಿ ಹಾಕೋ!”

ಇಷ್ಟು ಸರಳ ವಿಚಾರ ನನಗೆ ಹೊಳೆದಿರಲಿಲ್ಲವಲ್ಲ! ಒಡನೆ ಅಕ್ಕಿ ಗಂಜಿ ಕಾಯಿಸಿದೆ. ಹಾಸಿನ ನೂಲಿಗೆ ಗಂಜಿ ಬಳಿಯುವ ಕುಂಚವನ್ನು ತೆಗೆದುಕೊಂಡು (ತೊಳೆದೇ ತೆಗೆದುಕೊಂಡೆ ಎಂದು ಓದುಗರಿಗೆ ವಿನಂತಿಪೂರ್ವಕವಾಗಿ ಸ್ಪಷ್ಟಪಡಿಸುತ್ತೇನೆ) ಶಾವಿಗೆಯ ಉದ್ದಕ್ಕೂ ಒಂದು ಕೈ, ಮರಳಿ ಒಂದು ಕೈ ಎಳೆದೆ. ಯುಗಾದಿಯ ಬಿಸಿಲು ಕೇಳಬೇಕೆ? ಎಳೆಗಳು ತಂತಿಯ ಹಾಗೆ ಬಿಗಿದು ನಿಂತವು. ಮೀಟಿದರೆ ಟಣ್ ಎಂದವು! ಓಣಿಯೇ ನಿಂತು ನೋಡಿತು. ಅತ್ತೆಯೂ ಕಟ್ಟೆಯಿಂದ ಇಳಿದು ಬಂದು ಒಂದು ಎಳೆ ಮೀಟಿ ನೋಡಿದರು. ಎಷ್ಟೋ ಸೀರೆ ನೇಯ್ದಿದ್ದೇನೆ, ಆದರೆ ಅಂದಿನಷ್ಟು ಎದೆ ನನಗೆ ಎಂದೂ ಉಬ್ಬಿಲ್ಲ.

ಆ ಹೆಮ್ಮೆ ನೀರು ಕುದಿಯುವವರೆಗೆ ಇತ್ತು.

ಶಾವಿಗೆಯನ್ನು ನೂಲಿನ ಲಡಿ ಸುತ್ತಿದ ಹಾಗೆ ಸುತ್ತಿ ಪಾತೇಲಿಗೆ ಇಳಿಸಿದೆ. ಗಂಜಿ ಬಿಸಿ ನೀರಿಗೆ ಬಿದ್ದರೆ ತನ್ನ ಧರ್ಮ ಬಿಡುತ್ತದೆಯೇ? ಅಂಟಿಕೊಂಡಿತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಶಾವಿಗೆಗಳಿರಲಿಲ್ಲ. ಒಂದೇ ಶಾವಿಗೆ ಇತ್ತು, ನನ್ನ ತೋಳಿನಷ್ಟು ದಪ್ಪ! ಧೈರ್ಯಗೆಡದೆ ಅದನ್ನೇ ಹುರಿದೆ. ಉಳ್ಳಾಗಡ್ಡಿ, ಗಜ್ಜರಿಗೆ ಒಳಗೆ ಹೋಗಲು ದಾರಿ ಸಿಗದೆ ಮೇಲೆಯೇ ಕುಳಿತವು. ಅಗಲವಾದ ಪರಾತಕ್ಕೆ ಸುರಿದರೆ ಧಪ್ ಎಂದಿತು.

ಅತ್ತೆ ಅದನ್ನು ಸುತ್ತಲೂ ನೋಡಿದರು. “ಇದನ್ನ ಉಣ್ಣೂದೋ ಅಳಿಯಾರ, ಇದಕ್ಕ ಎಮ್ಮಿ ಕಟ್ಟೂದೋ?”

ಬಾಗಿಲಲ್ಲಿ ನಿಂತ ದರೆಪ್ಪ ನಗು ತಡೆಯಲಾರದೆ ಮನೆಗೆ ಓಡಿದ. ಗೌರವ್ವ ಗೋಡೆ ಹಿಡಿದು ನಕ್ಕಳು. ಅತ್ತೆ ಮಾತ್ರ ಕೆಲಸಕ್ಕೆ ಇಳಿದರು. “ಇಳಿಗಿ ತಾ ಗೌರಿ. ಹೋಳ ಮಾಡಿ ಕೂಸಿಗಿ ಕೊಡೂಣು.”

“ಕೊಯ್ಯಾಕ ಬಿಡಾಂಗಿಲ್ಲ!” ಎಂದು ನಾನು ಪರಾತಕ್ಕೆ ಅಡ್ಡ ಬಂದೆ.

“ಹಂಗಾರ ಕೂಸು ಇದನ್ನ ಹ್ಯಾಂಗ ತಿನ್ನಬೇಕ್ರಿ?” ಎಂದರು ಅತ್ತೆ.

ಅಷ್ಟರಲ್ಲಿ ಗೌರವ್ವನ ನಗು ನಿಂತಿತ್ತು. ತಾನೇ ತಂದ ಇಳಿಗೆಯನ್ನು ಅವಳು ತಾನೇ ಹಿಂದಕ್ಕೆ ಸರಿಸಿದಳು.

“ಬ್ಯಾಡವ್ವ. ಸುಳ್ಳ ಇದ್ದರ ಇರಲಿ. ನನ್ನ ಮಗಳ ಆಯುಷ್ಯ ಕೊಯ್ಯೂದು ಬ್ಯಾಡ.”

ಅತ್ತೆ ಮಗಳ ಮುಖ ನೋಡಿದರು. ಇಳಿಗೆ ಮೂಲೆ ಸೇರಿತು. ಮೂವರೂ ಪರಾತದ ಸುತ್ತ ಕುಳಿತು, ಸಿಕ್ಕುಬಿದ್ದ ನೂಲಿನ ತುದಿ ಹುಡುಕುವ ಹಾಗೆ ಶಾವಿಗೆಯ ತುದಿ ಹುಡುಕತೊಡಗಿದೆವು. ಬೆರಳು ಸುಟ್ಟವು, ಸೊಂಟ ಹಿಡಿಯಿತು, ಅತ್ತೆ ಪೆದ್ರೋನ ಇಡೀ ವಂಶವನ್ನು ಬೈದರು. ಕೊನೆಗೆ ಒಂದು ಎಳೆ, ಗಂಟುಗಳ ಸಮೇತ, ತುಂಡಾಗದೆ ಹೊರಬಂತು. ಅದರ ತುದಿಯನ್ನು ನೀಲವ್ವನ ಬಾಯಿಗೆ ಇಟ್ಟೆ.

“ಕಚ್ಚಬ್ಯಾಡವ್ವ, ಎಳಕೋ!” ಎಂದು ಮೂವರೂ ಒಮ್ಮೆಗೇ ಕೂಗಿದೆವು. ಅತ್ತೆಯ ಧ್ವನಿಯೇ ದೊಡ್ಡದಾಗಿತ್ತು!

ಸುರ್ ಎಂದು ಎಳೆದುಕೊಂಡಳು. ನಡುವೆ ನಿಂತು, “ಅಪ್ಪಾ, ಇದರಾಗ ಗಂಟ ಅದಾವ,” ಎಂದಳು.

“ಹರದಲ್ಲೆ ಕಟ್ಟೇನವ್ವ. ಗಟ್ಟಿ ಅದಾವ, ಎಳಿ.”

ಎಳೆದಳು. ಕೊನೆಯ ತುದಿ ಗಲ್ಲಕ್ಕೆ ಒಮ್ಮೆ ಬಡಿದು ಬಾಯೊಳಗೆ ಹೋಯಿತು. ಜ್ವರ ಬಿಟ್ಟ ಮೇಲೆ ಎರಡು ತುತ್ತಿಗೇ ಸಾಕೆನ್ನುತ್ತಿದ್ದ ಹುಡುಗಿ, ಬಾಯಿ ಒರೆಸಿಕೊಂಡು ಹೇಳಿದಳು: “ಇನ್ನೊಂದ ಕೊಡು.”

ನನಗೆ ಅಳುವೇ ಬಂತು. ಜಗತ್ತಿನಲ್ಲಿ ನನ್ನಂಥ ಅಡುಗೆಯವನಿಲ್ಲ ಎನ್ನಿಸಿತು. ತೋಳು ಏರಿಸಿ ಮತ್ತೆ ಪರಾತಕ್ಕೆ ಕೈ ಹಾಕಿದೆ. ಅತ್ತೆ ನನ್ನ ಕೈಯನ್ನು ಆಚೆ ನೂಕಿದರು.

“ಸರೀರಿ ಅಳಿಯಾರ. ನಿಮ್ಮ ಕೈಯಾಗ ಬಿಟ್ಟರ ಕೂಸಿಗಿ ಎರಡನೇದು ಮುಂದಿನ ಉಗಾದಿಗೆ ಸಿಗತೈತಿ. ನಾವು ಬಿಡಸ್ತೀವಿ. ನೀವು ನೊಣಾ ಹೊಡೀರಿ.”

ಹೀಗೆ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಫಿಲಿಪೈನ್ಸ್ ಅಡುಗೆ ಬಲ್ಲ ಏಕಮೇವ ಪಂಡಿತನಾದ ನಾನು, ಬೀಸಣಿಕೆ ಹಿಡಿದು ನೊಣ ಹೊಡೆಯುತ್ತ ಕುಳಿತೆ. ಒಂದನ್ನೂ ಪರಾತದ ಮೇಲೆ ಕೂರಗೊಡಲಿಲ್ಲ. ಆ ದಿನದ ಅಡುಗೆಯಲ್ಲಿ ನನ್ನ ಕೈಯಿಂದ ಕೆಡದೆ ಉಳಿದ ಕೆಲಸ ಅದೊಂದೇ!